ಇಟ್ಟಲ್ಲೇ ಹಳತಾಗುವ ವಾಷರ್

ಕಂಪಲಾಪುರದ ಹರಾಜು ಮಾರುಕಟ್ಟೆಗೆ ತಂಬಾಕು ಹಾಕುವ ನಮ್ಮಂಥವರಿಗೆ ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರ್ ಇಲ್ಲದೆ ಆಗುವುದಿಲ್ಲ. ಜುಲೈನ ಒಂದು ಬೆಳಿಗ್ಗೆ ಔಷಧಿ ಬೆರೆಸಿ ಹೆಗಲಿಗೇರಿಸಿದೆ. ಹತ್ತು ಸಾಲು ದಾಟುವಷ್ಟರಲ್ಲಿ ಬೆನ್ನು ಒದ್ದೆಯಾಯಿತು. ಬೆವರು ಅಂದುಕೊಂಡೆ. ವಾಸನೆ ಮೂಗಿಗೆ ಬಡಿದಾಗ ತಿಳಿಯಿತು, ಸೋರುತ್ತಿದ್ದುದು ಔಷಧಿ.

ಅಂಗಿ ಬಿಸಾಕಿ, ಸೋಪು ಹಾಕಿ ಮೈ ತೊಳೆದುಕೊಂಡು ವಾಷರ್ ಬದಲಿಸಲು ಕೂತೆ. ಹಿಂದಿನ ವರ್ಷ ತಂದಿದ್ದ ಹೊಸ ವಾಷರುಗಳು ಪ್ಲಾಸ್ಟಿಕ್ ಕವರಿನಲ್ಲಿ, ತಂಬಾಕು ಒಣಗಿಸುವ ಬ್ಯಾರನ್ ಒಳಗೋಡೆಯ ಮೊಳೆಗೆ ನೇತಾಡುತ್ತಿದ್ದವು. ಒಂದನ್ನು ಹಾಕಿದೆ, ಅದೂ ಸೋರಿತು. ಇನ್ನೊಂದಕ್ಕೆ ನುಣುಪಾಗಲೆಂದು ಡೀಸೆಲ್ ಸವರಿದೆ. ಎರಡೇ ದಿನಕ್ಕೆ ಅದು ಊದಿಕೊಂಡು ಪಂಪಿನ ಹಿಡಿಯೇ ಆಡದಾಯಿತು.

ಪಿರಿಯಾಪಟ್ಟಣದ ಮೆಕ್ಯಾನಿಕ್ ಹುಡುಗ ಉಳಿದ ವಾಷರ್ ತೆಗೆದು ಬೆರಳಲ್ಲಿ ಮಡಿಸಿದ. ಚಟ್ಟನೆ ಬಿರಿಯಿತು. "ಹೊಸದು ಅಂತ ಇಟ್ಕಂಡಿದ್ದೀರ, ಇದು ಬೆಂದೋಗದೆ ಕಣಣ್ಣ" ಎಂದ.

ಅವನು ಹೇಳಿದ್ದು ನಿಜವೇ. ಎಲೆಯ ದಂಟು ಒಣಗಿಸುವ ಕೊನೆಯ ಹಂತದಲ್ಲಿ ಬ್ಯಾರನ್ ಒಳಗಿನ ಕಾವು 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ರಬ್ಬರ್ ಎಂದರೆ ಉದ್ದನೆಯ ಎಳೆಗಳ ಸಿಕ್ಕು. ಆ ಎಳೆಗಳನ್ನು ಅಲ್ಲಲ್ಲಿ ಗಂಧಕದಿಂದ ಗಂಟು ಹಾಕುವುದನ್ನು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ. ಎಳೆದರೆ ಹಿಗ್ಗಿ ಬಿಟ್ಟರೆ ಮರಳುವ ಗುಣ ಉಳಿಯುವುದು ಆ ಗಂಟುಗಳಿಂದ. ಕಾವು ಮತ್ತು ಗಾಳಿಯ ಆಮ್ಲಜನಕ ಸೇರಿದರೆ ಕೆಲವು ಕಡೆ ಗಂಟು ಹೆಚ್ಚಿ ವಾಷರ್ ಗಟ್ಟಿಯಾಗುತ್ತದೆ, ಕೆಲವು ಕಡೆ ಎಳೆಯೇ ಕಡಿದು ಅಂಟಂಟಾಗುತ್ತದೆ. ಕಾವು ಹತ್ತು ಡಿಗ್ರಿ ಏರಿದರೆ ಈ ಕೆಲಸ ಸುಮಾರು ಎರಡು ಪಟ್ಟು ಚುರುಕಾಗುತ್ತದೆ. ವಾಷರ್ ಬಳಸದೆ ಇಟ್ಟಿದ್ದೆ ಎಂಬುದು ಅದಕ್ಕೆ ಲೆಕ್ಕವೇ ಅಲ್ಲ.

ಇನ್ನೊಂದು ಶತ್ರು ಓಝೋನ್. ಕಿಡಿ ಹಾರುವ ಮೋಟಾರಿನ ಹತ್ತಿರ ಅದು ಹೆಚ್ಚು. ಮಡಿಸಿಟ್ಟ, ಎಳೆದು ಕಟ್ಟಿದ ಕಡೆಯಲ್ಲೇ ರಬ್ಬರನ್ನು ಸೀಳುತ್ತದೆ. ವರ್ಷವಿಡೀ ಬಿಗಿದಿಟ್ಟ ವಾಷರ್ ಒತ್ತಿದ ಆಕಾರದಲ್ಲೇ ಚಪ್ಪಟೆಯಾಗಿ ಉಳಿದು, ಸಂದು ಮುಚ್ಚುವ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನು ಡೀಸೆಲ್, ಸೀಮೆಎಣ್ಣೆ ಸಹಜ ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸುತ್ತವೆ. ಎಣ್ಣೆ ತಡೆಯುವುದು ನೈಟ್ರೈಲ್ ರಬ್ಬರ್. ಬಿಸಿಲು, ಓಝೋನ್ ತಡೆಯುವ ಇಪಿಡಿಎಂ ರಬ್ಬರು ಡೀಸೆಲ್ಲಿಗೆ ಸೋಲುತ್ತದೆ.

ಚಳಿಯೂ ಸುಮ್ಮನಿರುವುದಿಲ್ಲ. 1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡಿನಲ್ಲಿ ಛಿದ್ರವಾಗಿ ಏಳು ಜನ ಸತ್ತರು. ಕೊರೆಯುವ ಚಳಿಗೆ ಬಿರುಸಾದ ರಬ್ಬರ್ ಉಂಗುರ ರಾಕೆಟ್ಟಿನ ಸಂದು ಮುಚ್ಚದೆ ಹೋದದ್ದೇ ಮೂಲ ಕಾರಣ.

ಈಗ ನನ್ನ ವಾಷರುಗಳು ಮನೆಯ ಕತ್ತಲೆ ಮೂಲೆಯಲ್ಲಿ, ಮುಚ್ಚಿದ ಡಬ್ಬದಲ್ಲಿ, ಮಡಿಸದೆ ಇರುತ್ತವೆ. ಸುಗ್ಗಿ ಮುಗಿದ ಮೇಲೆ ಸ್ಪ್ರೇಯರನ್ನು ಬರೀ ನೀರಲ್ಲಿ ತೊಳೆದು, ಬಿಗಿ ಸಡಿಲಿಸಿ ನೆರಳಲ್ಲಿಡುತ್ತೇನೆ. ಡೀಸೆಲ್ ಹತ್ತಿರ ಸುಳಿಸುವುದಿಲ್ಲ. ಹಾಕುವ ಮುನ್ನ ವಾಷರನ್ನು ಮಡಿಸಿ ನೋಡುತ್ತೇನೆ. ಗೆರೆ ಬಿದ್ದರೆ, ಹೊಸದಾದರೂ ಕಸಕ್ಕೆ.

ನೀವೂ ಔಷಧಿ ಬೆರೆಸುವ ಮೊದಲು ಬರೀ ನೀರು ತುಂಬಿ ಹತ್ತು ಸಲ ಹಿಡಿ ಆಡಿಸಿ ನೋಡಿ. ಸೋರುವುದಿದ್ದರೆ ನೀರೇ ಸೋರಲಿ.