ಶಿಲೀಂಧ್ರದ ಕೋಶಪೊರೆಯೂ ಸ್ಟೆರಾಲ್ ತಡೆಯುವ ಔಷಧಿಗಳೂ

ಬೆವರು, ಒದ್ದೆ ಬಟ್ಟೆ ಹಾಗೂ ಇಕ್ಕಟ್ಟಾದ ವಸತಿ ಇರುವೆಡೆ ಹುಳುಕಡ್ಡಿ ಅಥವಾ ಗಜಕರ್ಣವು ಸುಲಭವಾಗಿ ಹರಡುತ್ತದೆ. ಹೆಸರಿನಲ್ಲಿ ಹುಳುವಿದ್ದರೂ ಈ ರೋಗಕ್ಕೆ ಕಾರಣ ಹುಳುವಲ್ಲ. ಅಣಬೆ, ಬೂಷ್ಟು, ಯೀಸ್ಟ್‌ಗಳ ವರ್ಗಕ್ಕೆ ಸೇರಿದ ಶಿಲೀಂಧ್ರ. ಇದಕ್ಕೆ ನೀಡುವ ಔಷಧಿಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಅರಿತರೆ, ವೈದ್ಯರು ಹೇಳಿದ ಅವಧಿಯನ್ನು ಪೂರ್ಣಗೊಳಿಸಬೇಕಾದ ಕಾರಣವೂ ತಿಳಿಯುತ್ತದೆ.

ಪೊರೆಯ ರಚನೆ

ಬ್ಯಾಕ್ಟೀರಿಯಾದ ಕೋಶರಚನೆಯು ನಮ್ಮ ಕೋಶರಚನೆಗಿಂತ ತೀರ ಭಿನ್ನವಾದುದು. ಶಿಲೀಂಧ್ರದ ಕೋಶವಾದರೋ ನಮ್ಮ ಕೋಶದಂತೆಯೇ ಕೋಶಕೇಂದ್ರವುಳ್ಳದ್ದು. ಆದುದರಿಂದ ಮನುಷ್ಯನಿಗೆ ಹಾನಿಯಾಗದಂತೆ ಶಿಲೀಂಧ್ರವನ್ನು ಮಾತ್ರ ದಮನ ಮಾಡುವುದು ಕಷ್ಟ. ಇವೆರಡರ ನಡುವಣ ಉಪಯುಕ್ತ ವ್ಯತ್ಯಾಸಗಳಲ್ಲಿ ಸ್ಟೆರಾಲ್ ಒಂದು.

ಕೋಶಪೊರೆಯು ಕೊಬ್ಬಿನ ಅಣುಗಳ ಎರಡು ಪದರಗಳಿಂದಾಗಿದೆ. ಅವುಗಳ ನಡುವೆ ಸೇರಿಕೊಂಡ ಸ್ಟೆರಾಲ್ ಅಣುಗಳು ಪೊರೆಯು ಅತಿಯಾಗಿ ಸಡಿಲಗೊಳ್ಳದಂತೆಯೂ ಬಿರುಸಾಗದಂತೆಯೂ ಕಾಯುತ್ತವೆ. ಮನುಷ್ಯನ ಕೋಶದಲ್ಲಿ ಈ ಕಾರ್ಯವನ್ನು ಮಾಡುವುದು ಕೊಲೆಸ್ಟರಾಲ್. ಹೆಚ್ಚಿನ ಶಿಲೀಂಧ್ರಗಳಲ್ಲಿ ಎರ್ಗೋಸ್ಟೆರಾಲ್. ರೈ ಧಾನ್ಯದ ತೆನೆಗೆ ತಗಲುವ ಎರ್ಗಾಟ್ ಎಂಬ ಶಿಲೀಂಧ್ರದಿಂದ ಫ್ರಾನ್ಸಿನ ಷಾರ್ಲ್ ತಾನ್ರೆ 1889ರಲ್ಲಿ ಇದನ್ನು ಬೇರ್ಪಡಿಸಿದರು.

ತಯಾರಿಕೆಗೆ ತಡೆ

ಶಿಲೀಂಧ್ರವು ಎರ್ಗೋಸ್ಟೆರಾಲನ್ನು ಹಂತಹಂತವಾಗಿ ತಯಾರಿಸುತ್ತದೆ. ಸ್ಕ್ವಾಲೀನ್ ಎಂಬ ವಸ್ತುವಿನಿಂದ ಲ್ಯಾನೊಸ್ಟೆರಾಲ್, ಅದರಿಂದ ಮುಂದೆ ಎರ್ಗೋಸ್ಟೆರಾಲ್ ಉಂಟಾಗುತ್ತವೆ. ಪ್ರತಿ ಹಂತಕ್ಕೂ ಒಂದು ಕಿಣ್ವ ಬೇಕು. ಟರ್ಬಿನಫಿನ್ ಔಷಧಿಯು ಆರಂಭದ ಹಂತದ ಕಿಣ್ವವನ್ನು ತಡೆಯುತ್ತದೆ. ಆಗ ಎರ್ಗೋಸ್ಟೆರಾಲ್ ಕಡಿಮೆಯಾಗಿ ಸ್ಕ್ವಾಲೀನ್ ಕೋಶದೊಳಗೆ ಶೇಖರಗೊಳ್ಳುತ್ತದೆ. ಕ್ಲೋಟ್ರಿಮಜೋಲ್, ಫ್ಲುಕೊನಜೋಲ್, ಇಟ್ರಾಕೊನಜೋಲ್ ಮೊದಲಾದ ಅಜೋಲ್‌ಗಳು ಲ್ಯಾನೊಸ್ಟೆರಾಲಿನಿಂದ ಒಂದು ಮೀಥೈಲ್ ಗುಂಪನ್ನು ತೆಗೆಯುವ ಕಿಣ್ವವನ್ನು ತಡೆಯುತ್ತವೆ. ಇದರಿಂದ ಬೇಕಾದ ಸ್ಟೆರಾಲ್ ಕುಂದುವುದಲ್ಲದೆ, ಮೀಥೈಲ್ ಗುಂಪನ್ನು ಉಳಿಸಿಕೊಂಡ ಹೊಂದದ ಸ್ಟೆರಾಲ್‌ಗಳು ಪೊರೆಯನ್ನು ಸೇರುತ್ತವೆ.

ಆಕಾರದ ಬದಲಾವಣೆ

ಚಪ್ಪಟೆಯಾದ ಎರ್ಗೋಸ್ಟೆರಾಲ್ ಪದರಗಳ ನಡುವೆ ಒತ್ತಾಗಿ ಕೂಡುತ್ತದೆ. ಹೊರಚಾಚಿದ ಮೀಥೈಲ್ ಗುಂಪುಳ್ಳ ಅಣು ಹಾಗೆ ಕೂಡಲಾರದು. ಆಗ ಪೊರೆಯು ಸೋರತೊಡಗುತ್ತದೆ. ಪೊರೆಯಲ್ಲಿ ನೆಲೆಸಿದ ಕಿಣ್ವಗಳ ಕೆಲಸವೂ ಕೆಡುತ್ತದೆ. ಕೋಶಭಿತ್ತಿಗೆ ಬೇಕಾದ ಕೈಟಿನ್ ಅಸ್ತವ್ಯಸ್ತವಾಗಿ ಸಂಚಯಗೊಳ್ಳುತ್ತದೆ. ಕ್ಯಾಂಡಿಡಾ ಯೀಸ್ಟಿನಲ್ಲಿ ಕೋಶಗಳು ಉಬ್ಬುತ್ತವೆ. ಮರಿಕೋಶಗಳು ತಾಯಿಕೋಶದಿಂದ ಬೇರ್ಪಡದೆ ಗೊಂಚಲಾಗಿ ಉಳಿಯುತ್ತವೆ. ದೇಹದ ಅಂಗಾಂಶವನ್ನು ಹೊಗಲು ನೆರವಾಗುವ ಉದ್ದನೆಯ ಎಳೆಗಳ ಬೆಳವಣಿಗೆಯೂ ಕುಂಠಿತವಾಗುತ್ತದೆ.

ಇನ್ನೊಂದು ಬಗೆಯ ಔಷಧಿಗಳು ತಯಾರಿಕೆಯನ್ನು ತಡೆಯದೆ, ಪೊರೆಯಲ್ಲಿರುವ ಎರ್ಗೋಸ್ಟೆರಾಲಿಗೇ ಅಂಟಿಕೊಳ್ಳುತ್ತವೆ. ಆಂಫೊಟೆರಿಸಿನ್ ಬಿ ಈ ಬಗೆಯದು. ಪುಣೆಯ ಸಮೀಪದ ಪಿಂಪ್ರಿಯಲ್ಲಿರುವ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಎಂ. ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಕಂಡುಹಿಡಿದ ಹ್ಯಾಮೈಸಿನ್ ಸಹ ಇದೇ ವರ್ಗದ್ದು.

ರೋಗಿಗಳು ಗಮನಿಸಬೇಕಾದುದು

ಅಜೋಲ್‌ಗಳು ಕ್ಯಾಂಡಿಡಾದಂತಹ ಯೀಸ್ಟನ್ನು ಬಹುಮಟ್ಟಿಗೆ ಕೊಲ್ಲುವುದಿಲ್ಲ, ಬೆಳವಣಿಗೆಯನ್ನು ನಿಲ್ಲಿಸುತ್ತವೆ. ಚರ್ಮದ ಶಿಲೀಂಧ್ರವೂ ತುರಿಕೆ ನಿಂತೊಡನೆ ನಿರ್ಮೂಲವಾಗಿರುವುದಿಲ್ಲ. ಆದುದರಿಂದ ತುರಿಕೆ ನಿಂತಿತೆಂದು ಔಷಧಿಯನ್ನು ನಡುವೆ ಬಿಟ್ಟರೆ ರೋಗವು ಮರುಕಳಿಸಬಹುದು. ಸ್ಕ್ವಾಲೀನ್ ಹಂತದ ಕಿಣ್ವದಲ್ಲಿ ಮಾರ್ಪಾಡಾಗಿ ಟರ್ಬಿನಫಿನ್‌ಗೆ ಮಣಿಯದ ಚರ್ಮದ ಶಿಲೀಂಧ್ರಗಳು ಭಾರತದಲ್ಲಿ ಈಗಾಗಲೇ ಕಂಡುಬಂದಿವೆ. ಅಂತಹ ಒಂದು ಪ್ರಭೇದಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಡಲಾಯಿತು.

ಸ್ಟೀರಾಯ್ಡ್ ಬೆರೆಸಿದ ಮುಲಾಮನ್ನು ತಾವಾಗಿಯೇ ಕೊಂಡು ಹಚ್ಚಬಾರದು. ಅದು ಕೆಂಪು ಮತ್ತು ತುರಿಕೆಯನ್ನು ಮರೆಮಾಡಿ, ಚರ್ಮದ ರಕ್ಷಣಾಶಕ್ತಿಯನ್ನು ಕುಗ್ಗಿಸುತ್ತದೆ. ಶಿಲೀಂಧ್ರವು ಒಳಗೊಳಗೇ ಹರಡುತ್ತದೆ. ನುಂಗುವ ಅಜೋಲ್‌ಗಳು ನಮ್ಮ ಯಕೃತ್ತಿನ ಕಿಣ್ವಗಳನ್ನೂ ತಡೆಯಬಲ್ಲವು. ಆದಕಾರಣ ಗರ್ಭಿಣಿಯರು, ಯಕೃತ್ತಿನ ತೊಂದರೆಯುಳ್ಳವರು ಹಾಗೂ ಬೇರೆ ಔಷಧಿ ಸೇವಿಸುತ್ತಿರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಹುಳುಕಡ್ಡಿ ಇದ್ದಲ್ಲಿ ಎಲ್ಲರೂ ಒಟ್ಟಿಗೇ ಚಿಕಿತ್ಸೆ ಪಡೆಯುವುದೂ, ಬಟ್ಟೆ ಮತ್ತು ಟವೆಲುಗಳನ್ನು ಬೇರೆಬೇರೆಯಾಗಿ ಬಳಸಿ ಬಿಸಿಲಿನಲ್ಲಿ ಒಣಗಿಸುವುದೂ ಅಗತ್ಯ.