ತವರಿನಿಂದ ಹೊರಡಿ: ಯಮಕನಮರಡಿಯಿಂದ ಚೆನ್ನಮ್ಮನ ದಾರಿ

ರಾಣಿ ಚೆನ್ನಮ್ಮನ ಊರು ನೋಡಬೇಕೆನ್ನುವವರು ಸಾಮಾನ್ಯವಾಗಿ ನೆಟ್ಟಗೆ ಕಿತ್ತೂರು ಕೋಟೆಗೆ ಗಾಡಿ ಬಿಡುತ್ತಾರೆ. ಯಮಕನಮರಡಿಯಿಂದ ಹೊರಡುವವರು ಹಾಗೆ ಮಾಡಬೇಕಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ಹಿಡಿದು ಬೆಳಗಾವಿ ಕಡೆ ಹೋದರೆ ಮೊದಲು ಆಕೆಯ ತವರು ಕಾಕತಿ, ಆಮೇಲೆ ಗಂಡನ ಮನೆ ಕಿತ್ತೂರು, ಕಡೆಗೆ ಸೆರೆಯಿದ್ದ ಬೈಲಹೊಂಗಲ. ಬದುಕು ಸಾಗಿದ ಹಾಗೇ ದಾರಿಯೂ ಸಾಗುತ್ತದೆ. ಬೆಳಗ್ಗೆ ಏಳಕ್ಕೆ ಹೊರಟರೆ ಒಂದೇ ದಿನದ ಕೆಲಸ.

ವಂಟಮುರಿ ಘಾಟು ದಾಟಿದ ಮೇಲೆ, ಬೆಳಗಾವಿಗೆ ಮೊದಲೇ ಕಾಕತಿ ಸಿಗುತ್ತದೆ. ಹೆದ್ದಾರಿ ಬಿಟ್ಟು ಊರೊಳಗೆ ಇಳಿಯಿರಿ. ದೇಸಾಯರ ವಾಡೆ ಎಲ್ಲಿತ್ತು ಎಂದು ಕಟ್ಟೆಯ ಮೇಲೆ ಕೂತ ಹಿರಿಯರನ್ನು ಕೇಳಿದರೆ ಸಾಕು. ಅರಮನೆಯ ಕನಸು ಬೇಡ. 1778ರಲ್ಲಿ ದೇಸಾಯಿ ಧೂಳಪ್ಪಗೌಡರ ಮಗಳು ಹುಟ್ಟಿದ ಊರು ಇದು. ಕುದುರೆ ಸವಾರಿ, ಕತ್ತಿವರಸೆ ಕಲಿತದ್ದೂ ಇಲ್ಲೇ. ಇಲ್ಲಿ ಅರ್ಧ ಗಂಟೆ ಸಾಕು, ಆದರೆ ಆ ಅರ್ಧ ಗಂಟೆ ತಪ್ಪಿಸಬೇಡಿ.

ಬೆಳಗಾವಿ ದಾಟಿ, ಹಿರೇಬಾಗೇವಾಡಿ ಟೋಲ್ ಕಟ್ಟಿ, ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆ ದಾಟಿದರೆ ಕಿತ್ತೂರು ಬಂದಂತೆಯೇ. ದಿನದ ಹೆಚ್ಚು ಹೊತ್ತು ಇಲ್ಲಿಗೇ ಇಡಿ. ಮೊದಲು ವಸ್ತುಸಂಗ್ರಹಾಲಯ, ಆಮೇಲೆ ಕೋಟೆ. ಸೋಮವಾರ ಮತ್ತು ಸರ್ಕಾರಿ ರಜೆಯ ದಿನ ಸಂಗ್ರಹಾಲಯ ಮುಚ್ಚಿರಬಹುದು, ಹೋಗದಿರುವುದು ಕ್ಷೇಮ.

ಕೋಟೆಯ ಒಳಗೆ ಹೋದಾಗ ಇದನ್ನು ರಣರಂಗವೆಂದು ನೋಡುವ ಮೊದಲು ಒಂದು ಮನೆಯೆಂದು ನೋಡಿ. ಊಟದ ಸಾಲೆ, ಸ್ನಾನದ ಕೋಣೆಗಳು, ಧ್ರುವ ನಕ್ಷತ್ರ ನೋಡಲೆಂದು ಗೋಡೆಯಲ್ಲಿ ಬಿಟ್ಟ ಕಿಂಡಿ (ಹಗಲು ಹೋದ ನಮಗೆ ಅದರಲ್ಲಿ ಕಾಣುವುದು ಬರೀ ಆಕಾಶ). ಮಲ್ಲಸರ್ಜ ದೇಸಾಯಿಗೆ ಮೊದಲೇ ರುದ್ರಮ್ಮ ಎಂಬ ಹೆಂಡತಿಯಿದ್ದಳು. ಕಾಕತಿಯ ಹುಡುಗಿ ಬಂದದ್ದು ಆ ಮನೆಗೆ, ಕಿರಿಯ ರಾಣಿಯಾಗಿ. ಒಂದು ಕಡೆ ಪೇಶ್ವೆ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ. ನಡುವೆ ಸಿಕ್ಕ ಸಂಸ್ಥಾನ. ಪೇಶ್ವೆಯ ಸೆರೆ ಕಂಡು ಬಂದ ಗಂಡ 1816ರಲ್ಲಿ ತೀರಿಕೊಂಡ. ಚೆನ್ನಮ್ಮ ಹೆತ್ತ ಮಗ ಉಳಿಯಲಿಲ್ಲ. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಹೋದ. ದತ್ತಕ ತೆಗೆದುಕೊಂಡ ಶಿವಲಿಂಗಪ್ಪನನ್ನು ಕಂಪನಿ ಒಪ್ಪಲಿಲ್ಲ. ಪಠ್ಯಪುಸ್ತಕದ ಯುದ್ಧ ಶುರುವಾಗುವುದು ಇಲ್ಲಿಂದ, ಆದರೆ ಜಗಳದ ಬೇರು ಇರುವುದು ಈ ಮನೆಯ ಸಾವುಗಳಲ್ಲಿ, ಬರಿದಾದ ತೊಟ್ಟಿಲಲ್ಲಿ.

1824ರ ಅಕ್ಟೋಬರ್ 23ರಂದು ಕಂಪನಿಯ ಕಡೆಯಿಂದ ಬಂದ ಧಾರವಾಡದ ಕಲೆಕ್ಟರ್ ಥ್ಯಾಕರೆ ಈ ಕೋಟೆಯ ಬಾಗಿಲ ಮುಂದೆಯೇ ಸತ್ತ. ಗುಂಡು ಹೊಡೆದವನು ಚೆನ್ನಮ್ಮನ ಕಡೆಯ ಅಮಟೂರು ಬಾಳಪ್ಪ. ಸ್ಟೀವನ್‌ಸನ್, ಎಲಿಯಟ್ ಎಂಬಿಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ದಂಡಿನೊಂದಿಗೆ ಮರಳಿತು, ಕೋಟೆ ಬಿತ್ತು.

ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ. ಮೆರವಣಿಗೆ, ಕುಸ್ತಿ ಬೇಕೆನ್ನುವವರು ಆಗ ಬನ್ನಿ. ಕಲ್ಲು ನೋಡಬೇಕೆನ್ನುವವರು ಆ ವಾರ ಬಿಟ್ಟು ಬನ್ನಿ. ನನ್ನ ಮತ ಡಿಸೆಂಬರಿಗೆ. ಮಳೆಗಾಲದಲ್ಲಿ ಪಾಳು ಗೋಡೆಗಳ ಮೇಲೆ ಪಾಚಿ, ಕಾಲು ಜಾರುತ್ತದೆ. ಊಟಕ್ಕೆ ಖಾನಾವಳಿ ಹುಡುಕಿ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಸಿಕ್ಕರೆ ಮಧ್ಯಾಹ್ನ ಗೆದ್ದಂತೆ.

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಹೆದ್ದಾರಿ ಬಿಟ್ಟು ಒಳದಾರಿ, ಎರಡೂ ಬದಿಗೆ ಎರೆಹೊಲ. ಸೋತ ರಾಣಿಯನ್ನು, ಆಕೆಯೊಂದಿಗೆ ಸೊಸೆ ವೀರಮ್ಮನನ್ನೂ ಕರೆತಂದು ಇಲ್ಲಿಯ ಕೋಟೆಯಲ್ಲಿ ಇಟ್ಟರು. ನಾಲ್ಕು ವರ್ಷ ಮೀರಿದ ಸೆರೆ. 1829ರ ಫೆಬ್ರುವರಿ 2ರಂದು ಚೆನ್ನಮ್ಮ ತೀರಿಕೊಂಡಳು. ಸಮಾಧಿ ಊರಿನಲ್ಲೇ ಇದೆ, ಸುತ್ತ ಸಣ್ಣ ಉದ್ಯಾನ. ಚಪ್ಪಲಿ ಹೊರಗೆ ಬಿಟ್ಟು ಒಳಹೋಗಿ.

ಹೊತ್ತು ಉಳಿದಿದ್ದರೆ ಪಕ್ಕದಲ್ಲೇ ಸಂಗೊಳ್ಳಿ. ದತ್ತುಮಗನಿಗೆ ಗದ್ದುಗೆ ಕೊಡಿಸಲು ಹೋರಾಡಿದ ರಾಯಣ್ಣನ ಊರು. ಅವನನ್ನು ಗಲ್ಲಿಗೇರಿಸಿದ ನಂದಗಡ ಖಾನಾಪುರ ತಾಲ್ಲೂಕಿನಲ್ಲಿದೆ. ಅದಕ್ಕೆ ಬೇರೊಂದು ದಿನ ಇಡಿ.

ಬಸ್ಸಿನವರು ಬೈಲಹೊಂಗಲದಿಂದ ಬೆಳಗಾವಿಗೆ ಬಂದು ಸಂಕೇಶ್ವರ ಅಥವಾ ನಿಪ್ಪಾಣಿ ಗಾಡಿ ಹತ್ತಬೇಕು. ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿಬಿಡಿ: "ಯಮಕನಮರಡಿಗೆ ನಿಲ್ಲಿಸ್ತೀರೇನ್ರಿ?"