ಪಾದಪದ ಉಸಿರು

ಅಮರಕೋಶವು ಮರಕ್ಕೆ ಹೇಳುವ ಹೆಸರುಗಳಲ್ಲಿ ‘ಪಾದಪ’ ಎಂಬುದೊಂದು. ಪಾದದಿಂದ ಕುಡಿಯುವಂಥದು ಎಂದು ಅದರ ವ್ಯುತ್ಪತ್ತಿ. ಬೇರು ನೀರನ್ನು ಹೀರುವ ಸಂಗತಿಯನ್ನು ಒಂದೇ ಪದದಲ್ಲಿ ಅಡಕಗೊಳಿಸಿದ ಪೂರ್ವಿಕರ ಜಾಣ್ಮೆ ಮೆಚ್ಚತಕ್ಕದ್ದು. ಆದರೆ ಆ ಪಾದವು ಕುಡಿಯುವುದಷ್ಟೇ ಅಲ್ಲ, ಉಸಿರಾಡುವುದೂ ಹೌದು. ಈ ಎರಡನೆಯ ಮಾತು ಕಟ್ಟಡ ಕಟ್ಟಿಸುವವರ ಲಕ್ಷ್ಯಕ್ಕೆ ಬಾರದಿರುವುದರಿಂದ ಎಷ್ಟೋ ಹಿರಿಯ ಮರಗಳು ಅಕಾಲದಲ್ಲಿ ಒಣಗುತ್ತವೆ.

ಎರೆಭೂಮಿಯ ಊರುಗಳಲ್ಲಿ ಇದು ವಿಶೇಷವಾಗಿ ಕಾಣಬರುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಸ್ವಭಾವದ್ದಾದುದರಿಂದ ಬುನಾದಿಯನ್ನು ಗಟ್ಟಿನೆಲ ಸಿಗುವವರೆಗೆ ತೋಡಬೇಕು. ತೋಡಿದ ಮಣ್ಣು ಒಳಗೆ ತುಂಬಲು ಬಾರದು, ಅದಕ್ಕೆ ಗರಸನ್ನೇ ತರಿಸಬೇಕು. ಉಳಿದ ಮಣ್ಣು ಹೋಗುವುದೆಲ್ಲಿಗೆ? ಆವರಣದ ಬೇವಿನ ಬುಡಕ್ಕೆ. ಮಣ್ಣೇರಿಸಿದರೆ ಮರಕ್ಕೆ ಒಳ್ಳೆಯದೇ ಎಂಬ ಭಾವನೆಯೂ ಜೊತೆಗಿರುತ್ತದೆ. ಕಬ್ಬಿನ ನ್ಯಾಯ ಮರಕ್ಕೆ ಸಲ್ಲದು.

ತಾಯಿಬೇರು ಆಳಕ್ಕಿಳಿದಿದ್ದರೂ ನೀರು ಸಾರಗಳನ್ನು ಹೀರುವ ಎಳೆಬೇರುಗಳ ಬಹುಭಾಗವು ಮೇಲಿನ ಒಂದು-ಒಂದೂವರೆ ಅಡಿ ಮಣ್ಣಿನಲ್ಲಿಯೇ ಹರಡಿ, ಕೊಂಬೆಗಳ ನೆರಳನ್ನೂ ದಾಟಿ ಹೋಗಿರುತ್ತದೆ. ಮಣ್ಣಿನ ಕಣಗಳ ನಡುವಣ ರಂಧ್ರಗಳ ಗಾಳಿಯಿಂದ ಅವು ಆಮ್ಲಜನಕವನ್ನು ಪಡೆಯುತ್ತವೆ. ಮೇಲೆ ಎರಡಡಿ ಜಿಗುಟುಮಣ್ಣು ಬಿದ್ದು, ಅದರ ಮೇಲೆ ಲಾರಿಯೂ ಹಾಯ್ದರೆ ಗಾಳಿಯ ಸಂಚಾರ ನಿಂತಂತೆಯೇ. ಎಳೆಬೇರುಗಳು ಕೊಳೆಯುತ್ತವೆ. ಇತ್ತ ಹೂತುಹೋದ ಕಾಂಡದ ತೊಗಟೆ ಸದಾ ತೇವಗೊಂಡು ಶಿಲೀಂಧ್ರಗಳಿಗೆ ಆಶ್ರಯವಾಗುತ್ತದೆ.

ಮರವು ಕೂಡಲೇ ಸಾಯದಿರುವುದೇ ಇಲ್ಲಿಯ ತೊಡಕು. ಕೂಡಿಟ್ಟ ಆಹಾರದಿಂದ ಮೂರು ನಾಲ್ಕು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ದೂಡುತ್ತದೆ. ಎಲೆ ಸಣ್ಣದಾಗುತ್ತದೆ, ತುದಿಗೊಂಬೆಗಳು ಬೋಳಾಗುತ್ತವೆ. ಅಷ್ಟರಲ್ಲಿ ಕಟ್ಟಡದ ಪ್ರಾರಂಭೋತ್ಸವ ಮುಗಿದು, ಗುತ್ತಿಗೆದಾರರು ಲೆಕ್ಕ ಚುಕ್ತಾ ಮಾಡಿಕೊಂಡು ಹೋಗಿರುತ್ತಾರೆ. ದೋಷವೆಲ್ಲ ಗೆದ್ದಲಿನ ಮೇಲೆ, ಇಲ್ಲವೆ ಬರಗಾಲದ ಮೇಲೆ.

ಅರಳಿಕಟ್ಟೆಯನ್ನು ತೋರಿಸಿ ಆಕ್ಷೇಪಿಸುವವರುಂಟು. ಕಟ್ಟೆ ಆವರಿಸುವುದು ಬುಡದ ಸುತ್ತಲಿನ ಅಲ್ಪ ಜಾಗವನ್ನು; ಅದರಾಚೆಯ ಬೇರುಗಳ ಮೇಲಿನ ನೆಲ ತೆರೆದೇ ಇರುತ್ತದೆ. ಅರಳಿ ಆಲಗಳಿಗೆ ಕಾಂಡದಿಂದಲೇ ಹೊಸ ಬೇರು ಬಿಡುವ ಗುಣವೂ ಉಂಟು. ಎಲ್ಲ ಮರಗಳಿಗೂ ಆ ಭಾಗ್ಯವಿಲ್ಲ.

ಕಾಂಡದ ಸುತ್ತ ಮಾತ್ರ ಬಾವಿಯಂತೆ ಕಲ್ಲುಗೋಡೆ ಕಟ್ಟಿ ಹೊರಗೆಲ್ಲ ಮಣ್ಣು ತುಂಬುವುದೂ ಸಾಲದು. ತೊಗಟೆ ಉಳಿದೀತು, ಬೇರು ಉಳಿಯದು. ಕೆಲಸ ಮೊದಲಾಗುವ ಮುನ್ನವೇ ಕೊಂಬೆ ಚಾಚಿದಷ್ಟು ನೆಲಕ್ಕಾದರೂ ಬೇಲಿ ಹಾಕಿಸಿ, ಮಣ್ಣು, ಜಲ್ಲಿ, ಸಿಮೆಂಟಿನ ತೊಳೆನೀರು ಒಳಬಾರದಂತೆ ಕರಾರಿನಲ್ಲಿಯೇ ಬರೆಯಿಸುವುದು ಮೇಲು. ಮಣ್ಣು ಬಿದ್ದೇ ಹೋಗಿದ್ದರೆ ತಡಮಾಡದೆ, ಯಂತ್ರ ಹಚ್ಚದೆ, ಸಲಿಕೆಯಿಂದ ಹಳೆಯ ನೆಲದ ಮಟ್ಟದವರೆಗೆ ತೆಗೆಸಬೇಕು. ಬುಡವು ಅಗಲಗೊಂಡು ಬೇರಾಗಿ ಕವಲೊಡೆಯುವ ತಾಣ ಕಣ್ಣಿಗೆ ಕಂಡಾಗ ಸಲಿಕೆಯನ್ನು ನಿಲ್ಲಿಸತಕ್ಕದ್ದು.